ಗುಲಾಬಿ ಕಡೆಯ ಎರಡು ಸಾಲು

ಮನೆಯಲ್ಲಿ ರೇಷ್ಮೆಹುಳು ಇದ್ದಷ್ಟು ದಿನ ನಮಗೆ ಒಗ್ಗರಣೆ ಇಲ್ಲದ ಸಾರೇ ಗತಿ. ಸಾಸಿವೆ ಸಿಡಿದ ಘಾಟು ಕೂಡ ಹುಳುವಿಗೆ ಆಗದು ಎಂದು ಅಮ್ಮ ಹೆದರುತ್ತಿದ್ದಳು. ಅಪ್ಪನ ಬೀಡಿ ಬೇಲಿಯ ಆಚೆ. ದೇವರಿಗೂ ಊದುಕಡ್ಡಿ ಇಲ್ಲ, ಬರೀ ದೀಪ.

ಸರ್ಜಾಪುರದ ಆಚೆ ನಮಗಿದ್ದದ್ದು ಮಳೆ ನಂಬಿದ ರಾಗಿ ಹೊಲ, ಅದರ ಅಂಚಿಗೆ ಒಂದು ತುಂಡು ಹಿಪ್ಪುನೇರಳೆ. ರಾಗಿ ವರ್ಷಕ್ಕೊಮ್ಮೆ ಕೈಗೆ ಬರುವುದು. ನಡುವಿನ ತಿಂಗಳುಗಳು ದಾಟಲಿ ಎಂದು ಅಮ್ಮ ಹೆಂಗಸರ ಸಂಘದಲ್ಲಿ ಸಾಲ ಎತ್ತಿ ಹುಳು ಸಾಕುವ ತಟ್ಟೆಗಳನ್ನೂ ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೂ ಕೊಂಡಳು. ಮೊದಲೆರಡು ಬೆಳೆ ಚೆನ್ನಾಗಿಯೇ ಬಂತು. ನನಗೆ ಹೊಸ ಲಂಗ ಬಂತು, ಅಮ್ಮನ ನಡಿಗೆಗೆ ಗತ್ತು ಬಂತು.

ಮೂರನೇ ಬೆಳೆ ಗೂಡು ಕಟ್ಟಲು ಇನ್ನೇನು ಎರಡು ದಿನ ಎನ್ನುವಾಗ ನಮ್ಮ ಸೊಪ್ಪು ಸಾಲದಾಯಿತು. ಕೊನೆಯ ಹಂತದ ಹುಳು ಬಕಾಸುರನ ವಂಶ. ಅಮ್ಮ ಸಂಘದ ಗೆಳತಿಯ ತೋಟದಿಂದ ಸೊಪ್ಪು ತಂದಳು. ನಾನು ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದೆ. ಗಂಡ ಸತ್ತವಳು, ಸೊಪ್ಪು ಮಾರಿಯೇ ಮಗುವನ್ನು ಸಾಕುತ್ತಿದ್ದಳು. ಅಮ್ಮನ ಸಾಲಕ್ಕೆ ಜಾಮೀನು ನಿಂತವಳೂ ಅವಳೇ. ಅವಳ ತೋಟಕ್ಕೆ ತಾಗಿಕೊಂಡೇ ಸಿಟಿಯವರೊಬ್ಬರ ಗುಲಾಬಿ ತೋಟವಿತ್ತು.

ಬೆಳಿಗ್ಗೆ ನೋಡಿದರೆ, ಆ ಸೊಪ್ಪು ತಿಂದ ಹುಳುಗಳೆಲ್ಲ ತಲೆ ಎತ್ತಿ ಹಸಿರು ನೀರು ಕಕ್ಕುತ್ತಿದ್ದವು. ನಮ್ಮ ಸೊಪ್ಪು ಹಾಕಿದ್ದ ಒಂದೆರಡು ತಟ್ಟೆಯವು ಮಾತ್ರ ನೆಮ್ಮದಿಯಾಗಿ ಮೇಯುತ್ತಿದ್ದವು. ಉಳಿದ ಸೊಪ್ಪಿನ ಮೂಟೆ ಮೂಸಿದೆ. ಗುಲಾಬಿಗೆ ಹೊಡೆಯುವ ಔಷಧಿಯ ವಾಸನೆ. ಗಾಳಿಗೆ ಬಂದು ಕೂತಿತ್ತು.

"ನಡಿಯಮ್ಮ, ಚಿಕ್ಕಮ್ಮನ್ನ ಕೇಳಾಣ" ಎಂದೆ. ಅಮ್ಮ ನನ್ನ ರಟ್ಟೆ ಹಿಡಿದಳು.

"ಉಳ ಸಾಯ್ಸೋ ಸೊಪ್ಪು ಅಂತ ಒಂದ್ಸಲ ಹೆಸ್ರು ಬಿದ್ರೆ ಅವಳತ್ರ ಯಾರು ಕೊಳ್ತಾರೆ? ಆ ಮಗೀಗೆ ಏನು ತಿನ್ನಿಸ್ತಾಳೆ?"

"ನಮ್ ಗತಿ?"

"ನಿಂಗೆ ನಿಮ್ಮಪ್ಪ ಅವ್ನೆ, ನಾನಿವ್ನಿ."

ಸತ್ತ ಹುಳುಗಳನ್ನು ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದೆವು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಚಿಕ್ಕಮ್ಮನ ಮನೆಗೆ ಹೋಗಿ ಹೇಳಿದ್ದು ಇಷ್ಟೇ: "ಗುಲಾಬಿ ಕಡೆ ಎರಡು ಸಾಲು ಕುಯ್ಬ್ಯಾಡ ಕಣವ್ವ, ಅಲ್ಲಿ ನಾಗರಾವು ಕಂಡೆ."

ಶಾಲೆಯ ಜಗುಲಿಯಲ್ಲಿ ಸಂಘ ಸೇರಿದಾಗ ಎಲ್ಲರೂ ಹುಳು ಹೇಗೆ ಸತ್ತವು ಎಂದು ಕೇಳಿದರು. "ಮರ್ತು ಊದುಕಡ್ಡಿ ಅಚ್ಬುಟ್ಟೆ ಕಣ್ರವ್ವ" ಎಂದಳು ಅಮ್ಮ. ಮತ್ತೆ ಹುಳು ಸಾಕಲು ಇನ್ನೊಂದು ಸಾಲ ಬೇಕಿತ್ತು, ಅದಕ್ಕೆ ಜಾಮೀನು ಬೇಕಿತ್ತು. ಎಲ್ಲರೂ ಚಿಕ್ಕಮ್ಮನ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು.

"ತಪ್ಪು ತಿಳ್ಕಾಬ್ಯಾಡಕ್ಕ. ನಂಗೂ ಮಗ ಐತೆ. ಉಳದ ಮನೇಲಿ ಊದುಕಡ್ಡಿ ಅಚ್ಚೋರಿಗೆ ನಾನೆಂಗೆ ಸೈನ್ ಆಕ್ಲಿ?"

ನನ್ನ ಬಾಯಿಗೆ ಮಾತು ಬಂದಿತ್ತು. ಅಮ್ಮ ನನ್ನ ಮೊಣಕಾಲು ಅದುಮಿದಳು. "ನೀನೇಳೋದು ನ್ಯಾಯ್ವೇ ಕಣವ್ವ" ಎಂದಳು.

ಹಳೆಯ ಸಾಲ ತೀರಿಸಲು ಅಮ್ಮ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ತಟ್ಟೆಗಳು ಅಟ್ಟ ಸೇರಿದವು. ಮನೆಯಲ್ಲಿ ದಿನಾ ಒಗ್ಗರಣೆ ಶುರುವಾಯಿತು, ನನಗೆ ಅದು ಸೇರುತ್ತಿರಲಿಲ್ಲ. ಅಮ್ಮನ ಕೈ ಎಷ್ಟು ತೊಳೆದರೂ ಫಿನಾಯಿಲ್ ನಾರುತ್ತಿತ್ತು. ಆ ಕೈಯಲ್ಲಿ ಇನ್ನು ಹುಳು ಮುಟ್ಟುವಂತಿರಲಿಲ್ಲ.

ಆ ವರ್ಷ ನಾಗರಪಂಚಮಿಗೂ ಅಮ್ಮನಿಗೆ ರಜ ಇರಲಿಲ್ಲ. ಚಿಕ್ಕಮ್ಮನ ತೋಟದ ಎದುರಿಗೇ ಕಂಪನಿ ವ್ಯಾನಿಗೆ ಕಾಯುತ್ತಿದ್ದೆವು. ಗುಲಾಬಿ ಕಡೆಯ ಎರಡು ಸಾಲು ಕೊಯ್ಯದೆ ಆಳೆತ್ತರ ಬೆಳೆದಿದ್ದವು. ಅವುಗಳ ಬುಡಕ್ಕೆ ಚಿಕ್ಕಮ್ಮ ಅರಿಶಿನ ಕುಂಕುಮ ಇಟ್ಟು ಹಾಲೆರೆಯುತ್ತಿದ್ದಳು. ನಮ್ಮನ್ನು ಕಂಡು ಕೂಗಿದಳು:

"ನೀನೇಳಿದ್ದಕ್ಕೇ ಬದುಕ್ಕಂಡೆ ಕಣಕ್ಕ! ನಿನ್ನೆಸ್ರಲ್ಲೂ ಎರ್ದಿವ್ನಿ, ಕೈ ಮುಗ್ಕೊ!"

ಅಮ್ಮ ಬ್ಯಾಗು ಕೆಳಗಿಟ್ಟು, ಇಲ್ಲದ ಹಾವಿಗೆ ಕೈ ಮುಗಿದು ವ್ಯಾನು ಹತ್ತಿದಳು.