ಎಳ್ಳು ಅಂಟದ ಅಂಗೈ

ಒಂದು ಹಿಡಿ ಎಳ್ಳು ಎತ್ತಿ ಮತ್ತೆ ಸುರಿದು ನೋಡಿ. ಎಷ್ಟು ಒರೆಸಿಕೊಂಡ ಕೈಯಾದರೂ ಹತ್ತಿಪ್ಪತ್ತು ಕಾಳು ಅಂಗೈಗೆ ಅಂಟಿಕೊಂಡೇ ಉಳಿಯುತ್ತವೆ. ನನ್ನದು ಹುಟ್ಟಿನಿಂದಲೂ ಬೆವರುವ ಕೈ, ಅದಕ್ಕೆ ಇನ್ನಷ್ಟು ಅಂಟುತ್ತವೆ. ಅಲವೇಲುವಿನ ಕೈಗೆ ಮಾತ್ರ ಒಂದು ಕಾಳೂ ಅಂಟುತ್ತಿರಲಿಲ್ಲ. ಮೊಳಕೈ ಮುಳುಗುವವರೆಗೆ ಚೀಲದೊಳಗೆ ತೋಳು ಇಳಿಸಿ, ತಳದಿಂದ ಒಂದು ಹಿಡಿ ಮೇಲಕ್ಕೆ ತಂದು ಬೆರಳು ಬಿಡಿಸಿದಳೆಂದರೆ ಎಳ್ಳು ಸರ್ರನೆ ಜಾರಿ ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಬರಿಯ ಅಂಗೈ, ಅದರ ಗೆರೆಗಳು. ಆ ಕೈಯನ್ನು ನೋಡಿ ನೋಡಿ ನಾನು ಹದಿನೈದು ವರ್ಷ ಹೊಟ್ಟೆ ಉರಿದುಕೊಂಡೆ.

ಅಲವೇಲು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಪಲಮನೇರು ಕಡೆಯ ಹುಡುಗಿ. ನಮ್ಮ ಊರು ಆವನಿಯಿಂದ ಮೂರು ಮೈಲಿ. ಇಲ್ಲಿ ತೆಲುಗು ಬಾರದವರು ಯಾರೂ ಇಲ್ಲ, ಆದರೂ ಅವಳ ಕನ್ನಡ ಕೇಳಿ ಮೊದಮೊದಲು ಎಲ್ಲರೂ ನಗುತ್ತಿದ್ದರು. ಅವಳು ಬರುವ ಹೊತ್ತಿಗೆ ನಾನು ಈ ಮನೆ ಸೇರಿ ಎಂಟು ವರ್ಷವಾಗಿತ್ತು. ಯಾವ ಸೋಮವಾರ ಏನು ಸಾರು ಮಾಡಿದ್ದೆ, ಯಾವ ಕೋಳಿ ಯಾವತ್ತು ಕಾವಿಗೆ ಕೂತಿತು ಎಂಬುದೆಲ್ಲ ನನಗೆ ನೆನಪಿರುತ್ತದೆಂದು ನನ್ನ ಮಕ್ಕಳು ಈಗಲೂ ಗೇಲಿ ಮಾಡುತ್ತಾರೆ. ಮನೆಯ ಕೆಲಸವೆಲ್ಲ ನನ್ನ ಕೈಯಲ್ಲೇ ನಡೆಯುತ್ತಿತ್ತು. ಅತ್ತೆಯ ಬಾಯಲ್ಲಿ ದಿನಕ್ಕೆ ಹತ್ತು ಸಲ ನನ್ನ ಹೆಸರು ಬರುತ್ತಿತ್ತು. ಅಲವೇಲು ಬಂದ ಮೇಲೆ ಅದು ಐದಾಯಿತು. ಅದನ್ನೂ ನಾನು ಎಣಿಸಿದ್ದೆ.

ಪಾಲಾದಾಗ ಮನೆಯ ನಡುವೆ ಒಂದು ಗೋಡೆ ಎದ್ದಿತು. ಹಿತ್ತಲು ಒಂದೇ ಉಳಿಯಿತು. ಹೊಲ ಎರಡಾದರೂ ನಡುವೆ ಒಂದೇ ಬದು. ಆ ಬದುವಿನ ಮೇಲೆ ನಿಂತು ನಮ್ಮವರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ ಬೀಡಿ ಹಚ್ಚುತ್ತಿದ್ದರು. ಬಾಯಿಬಿಟ್ಟು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಗ್ರಾಮಸೇವಕ ಸೀನಪ್ಪನವರು ಸೈಕಲ್ ಮೇಲೆ ಬಂದು ಬಿಳಿ ಎಳ್ಳಿನ ಮಾತು ತೆಗೆದರು. ಬೆಂಗಳೂರಿನ ಒಬ್ಬ ವ್ಯಾಪಾರಿ ಒಳ್ಳೆ ಎಳ್ಳನ್ನು ಮದರಾಸಿನ ಬಂದರಿನಿಂದ ಹಡಗಿನಲ್ಲಿ ಫಾರಿನ್‌ಗೆ ಕಳಿಸುತ್ತಾನಂತೆ. ನಮ್ಮ ಊರಿನ ಏಳೆಂಟು ಮನೆಯವರು ಸೇರಿ ಒಂದೇ ಥರದ ಎಳ್ಳು ಬೆಳೆದುಕೊಟ್ಟರೆ ಅವನ ಲಾರಿಯೇ ಊರಿಗೆ ಬಂದು ಒಯ್ಯುತ್ತದಂತೆ. ಅಲ್ಲಿಯವರೆಗೆ ನಾವು ಎಳ್ಳು ಬೆಳೆಯುತ್ತಿದ್ದದ್ದು ಸಂಕ್ರಾಂತಿಗೆ, ಎಣ್ಣೆಗೆ, ಮತ್ತೆ ತಿಥಿಗೆ. ಅತ್ತೆ ಜಗುಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡು, "ಅಷ್ಟೊಂದು ಎಳ್ಳು ಏನಕ್ಕೆ ಸಾಮಿ, ಆ ದೇಶದಾಗೆ ಅಷ್ಟು ಜನ ಸಾಯ್ತಾರಾ?" ಎಂದರು. ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುತ್ತಾರೆಂದು ಸೀನಪ್ಪನವರು ಹೇಳಿದ್ದನ್ನು ಅತ್ತೆ ಕಡೆಯವರೆಗೂ ನಂಬಲಿಲ್ಲ.

ಸೀನಪ್ಪನವರು ಹೇಳಿದ್ದನ್ನೆಲ್ಲ ಮೊದಲು ಮಾಡಿ ನೋಡುತ್ತಿದ್ದವಳು ಅಲವೇಲು. ಎಳ್ಳಿನ ಬೀಜಕ್ಕೆ ಜರಡಿ ಹಿಡಿದ ಮರಳು ಬೆರೆಸಿ ಸಾಲಿಗೆ ಬಿಟ್ಟಳು. ನನಗೂ ಹೇಳಿದಳು: "ಅಕ್ಕಾ, ಮರಳು ಬೆರ್ಸು, ಬೀಜ ಒಂದೇ ಕಡೆ ಬೀಳಲ್ಲ." ನಮ್ಮ ಮಾವನ ಕಾಲದಿಂದ ಕೈಯಲ್ಲೇ ಎರಚಿದ್ದೇವೆ ಎಂದು ನಾನು ಮುಖ ತಿರುಗಿಸಿದೆ. ನನ್ನ ಬೆವರಿದ ಕೈಯಿಂದ ಬೀಜ ಗುಪ್ಪೆ ಗುಪ್ಪೆಯಾಗಿ ಬಿತ್ತು. ಹುಟ್ಟಿದ ಪೈರು ಒಂದು ಕಡೆ ಕಂತೆ, ಇನ್ನೊಂದು ಕಡೆ ಬಯಲು.

ಪೈರು ಗೇಣುದ್ದ ಆಗುತ್ತಲೇ ಅವಳು ಮಾಡಿದ ಕೆಲಸಕ್ಕೆ ಊರೇ ಬದುವಿನ ಮೇಲೆ ಬಂದು ನಿಂತಿತು. ಒತ್ತಾಗಿ ಬೆಳೆದಿದ್ದ ಪೈರನ್ನು ಅರ್ಧ ಗೇಣಿಗೆ ಒಂದೊಂದು ಉಳಿಸಿ ಮಿಕ್ಕಿದ್ದನ್ನೆಲ್ಲ ಕಿತ್ತು ದನಕ್ಕೆ ಹಾಕಿಬಿಟ್ಟಳು. ಅತ್ತೆಗೆ ಕಣ್ಣಲ್ಲಿ ನೀರು ಬಂತು. "ಹಸಿರು ಕಿತ್ತು ಬಿಸಾಕ್ತೀಯೇನೇ, ಕೈಯಾದ್ರೂ ಹೆಂಗೆ ಬಂತೇ ನಿಂಗೆ" ಎಂದರು. ಅಲವೇಲು ಬಗ್ಗಿದವಳು ಬಗ್ಗಿದ ಹಾಗೇ, "ಅತ್ತಾ, ಒಂದೇ ಚಾಪೆ ಮ್ಯಾಲೆ ಎಂಟು ಜನ ಮಲಗಿದ್ರೆ ಯಾರಿಗೆ ನಿದ್ದೆ ಬರ್ತದೆ? ಜಾಗ ಮಾಡ್ತಾ ಇದೀನಿ" ಎಂದಳು. ನಾನು ಅತ್ತೆಯ ಪರವಾಗಿ ಎರಡು ಮಾತು ಆಡಿದೆ. ಒಳಗೊಳಗೆ ಖುಷಿಯಾಗಿತ್ತು. ಈ ಸಲ ಇವಳು ಕೆಟ್ಟಳು ಎಂದುಕೊಂಡೆ.

ಕೆಡಲಿಲ್ಲ. ಅವಳ ಗಿಡ ಬುಡದಿಂದಲೇ ಕವಲೊಡೆದು ಸೊಂಟ ಮುಟ್ಟಿತು. ಯಾರೂ ಇಲ್ಲದ ಮಧ್ಯಾಹ್ನ ನಾನು ಬದು ದಾಟಿ ಹೋಗಿ ಒಂದು ಗಿಡದ ಕಾಯಿ ಎಣಿಸಿದೆ. ಈ ಕಡೆ ಬಂದು ನನ್ನದನ್ನೂ ಎಣಿಸಿದೆ. ಮರುದಿನವೇ ನಾನೂ ಪೈರು ಕೀಳಲು ಹೊರಟೆ. ಅಷ್ಟು ಹೊತ್ತಿಗೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದು ಕಿತ್ತರೆ ಪಕ್ಕದ್ದೂ ಬರುತ್ತಿತ್ತು. ಅವಳು ಬದುವಿನಾಚೆಯಿಂದ ನೋಡಿದಳು, ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು.

ಕೊಯ್ಲಿನಲ್ಲೂ ಹೀಗೇ. ನಾವು ಕೊಯ್ದ ಎಳ್ಳನ್ನು ಮೆದೆ ಹಾಕಿ, ಎಲೆ ಕೊಳೆತು ಉದುರಲಿ ಎಂದು ಒಂದು ವಾರ ಬಿಡುತ್ತಿದ್ದೆವು. ಒಳಗೆ ಬಿಸಿಯೇರಿ ಕಾಳು ಕಂದುತ್ತಿತ್ತು. ಎಣ್ಣೆಗೆ ತಾನೇ, ಯಾರು ಬಣ್ಣ ಕೇಳುತ್ತಾರೆ? ಅಲವೇಲು ಬುಡದ ಕಾಯಿ ಹಳದಿ ತಿರುಗುತ್ತಲೇ ಕೊಯ್ದು, ಸಣ್ಣ ಸಣ್ಣ ಕಂತೆಯಾಗಿ ಸಿವುಡು ಕಟ್ಟಿ, ನಾಲ್ಕು ನಾಲ್ಕನ್ನು ಒಂದಕ್ಕೊಂದು ಒರಗಿಸಿ ನೆಟ್ಟಗೆ ನಿಲ್ಲಿಸುತ್ತಿದ್ದಳು. ಕಾಯಿ ಬಾಯಿಬಿಟ್ಟ ಮೇಲೆ ಸಿವುಡನ್ನು ಹಸುಗೂಸಿನ ಹಾಗೆ ಎತ್ತಿ ತಂದು ಹಾಸಿನ ಮೇಲೆ ತಲೆಕೆಳಗು ಮಾಡಿ ಒಂದು ಏಟು ಕೊಟ್ಟರೆ ಸಾಕು, ಬೆಳ್ಳಗೆ ಸುರಿಯುತ್ತಿತ್ತು. ಆ ಹಾಸು ಅವಳೇ ಹಳೇ ಪಂಚೆಗಳನ್ನು ಕೂಡಿಸಿ ಹೊಲಿದದ್ದು. ನೆಲಕ್ಕೆ ಎಳ್ಳು ಸೋಕಿಸುತ್ತಲೇ ಇರಲಿಲ್ಲ.

ನಾನು ತಪ್ಪಿದ್ದು ಇಲ್ಲಿಯೇ. ಹಾಸಿನ ಮೇಲೆ ಬಡಿದ ಎಳ್ಳಿಗೆ ಸಿರಿಯಿಲ್ಲ ಎಂದು ಅತ್ತೆ ಗೊಣಗುತ್ತಿದ್ದರು. ಕಣ ಎಂದರೆ ಸಗಣಿ ಬಳಿದ ನೆಲ, ರಾಶಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ. ಅದೇ ನಮಗೆ ಮಡಿ, ಅದೇ ಚೊಕ್ಕಟ. ಅಲವೇಲು ಬೆನಕನನ್ನು ಒಂದು ಹಿತ್ತಾಳೆ ತಟ್ಟೆಯಲ್ಲಿ ಕೂರಿಸಿ ಹಾಸಿನ ಪಕ್ಕ ಇಡುತ್ತಿದ್ದಳು. ದೇವರನ್ನು ಆಚೆಗಿಟ್ಟವಳ ಎಳ್ಳಿಗಿಂತ ನನ್ನದೇ ಶುದ್ಧ ಎಂದು ತೋರಿಸಿಯೇ ಬಿಡುತ್ತೇನೆ ಎಂದುಕೊಂಡು, ಮೂರನೇ ವರ್ಷ ನಾನು ಮೂರು ದಿನ ಮೊದಲೇ ಕಣ ಕೆತ್ತಿ, ಹಸಿ ಸಗಣಿಯಲ್ಲಿ ಒಂದಲ್ಲ ಎರಡು ಸಲ ದಪ್ಪಗೆ ಬಳಿದೆ. ಕುರುಡುಮಲೆ ಗಣಪನಿಗೆ ಕಾಯಿ ಹರಕೆ ಕಟ್ಟಿದೆ. ಬಡಿಯುವ ದಿನ ಮೋಡ ಮುಚ್ಚಿತ್ತು. ಕಣ ಪೂರ್ತಿ ಒಣಗಿರಲಿಲ್ಲ. ತಡೆಯಲು ಮನಸ್ಸಾಗದೆ ಬಡಿದುಬಿಟ್ಟೆ.

ಲಾರಿ ಬರುವ ದಿನ ಬೆಳಗ್ಗೆ ಏಳು ಮನೆಯ ಚೀಲಗಳನ್ನು ಭಜನೆ ಮನೆಯ ಜಗುಲಿಯ ಮೇಲೆ ಜೋಡಿಸಿದರು. ನನ್ನದು ಒಂದೇ ಚೀಲ. ವ್ಯಾಪಾರಿಯ ಕಡೆಯವನು ಬರುವ ಮೊದಲು ಅಲವೇಲು ಒಂದೊಂದು ಚೀಲಕ್ಕೂ ತೋಳು ಇಳಿಸಿ ನೋಡುತ್ತ ಬಂದಳು. ಸೀನಪ್ಪನವರು ಆ ಕೆಲಸವನ್ನು ಅವಳಿಗೇ ವಹಿಸಿದ್ದರು. ನನ್ನ ಚೀಲದ ಹತ್ತಿರ ನಿಂತಳು. ಒಂದು ಹಿಡಿ ತೆಗೆದಳು, ಮೂಗಿನ ಹತ್ತಿರ ಹಿಡಿದಳು, ನನ್ನ ಕಡೆ ನೋಡದೆ ಮತ್ತೆ ಸುರಿದಳು. ಆಮೇಲೆ ನಮ್ಮ ಮೈದುನನನ್ನು ಕರೆದು, "ಇದೊಂದು, ಅಗೋ ಅದೊಂದು, ಎರಡೂ ಇಳ್ಸಿ. ಅಕ್ಕಂದೂ ನಂದೂ ಮನೆ ಎಣ್ಣೆಗೆ ಇಟ್ಕೊಂಡಿದ್ದು, ತಪ್ಪಿ ಬಂದವೆ" ಎಂದಳು.

"ನಂದು ಎಣ್ಣೆಗಲ್ಲ, ಲಾರಿಗೆ" ಎಂದೆ.

"ಎಣ್ಣೆಗೇ ಅಕ್ಕಾ. ಮರ್ತಿದೀಯ ನೀನು" ಎಂದಳು, ಮೆತ್ತಗೆ.

ಅಷ್ಟರಲ್ಲಿ ವ್ಯಾಪಾರಿಯ ಕಡೆಯವನು ಬಂದ. ಕಬ್ಬಿಣದ ಕೊಳವೆಯನ್ನು ಒಂದೊಂದು ಚೀಲಕ್ಕೂ ಚುಚ್ಚಿ, ಕಾಳನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಬಗ್ಗಿ ಮೂಸಿ ನೋಡಿದ. ತಲೆಯಾಡಿಸಿದ. ಆರು ಮನೆಯವರ ಎಳ್ಳು ಲಾರಿ ಹತ್ತಿತು. ನನ್ನ ಚೀಲ, ಅದರ ಪಕ್ಕದಲ್ಲಿ ಅವಳ ಒಂದು ಚೀಲ, ಭಜನೆ ಮನೆಯ ಗೋಡೆಗೆ ಒರಗಿಕೊಂಡು ಉಳಿದವು. ಹಿರಿ ಸೊಸೆಯ ಎಳ್ಳು ಹಡಗು ಹತ್ತಬಾರದು ಎಂದು ಬೇಕೆಂದೇ ಹೀಗೆ ಮಾಡಿದಳು ಎಂದು ನಾನು ನಂಬಿದೆ. ಅವತ್ತಿನಿಂದ ಹಿತ್ತಲಿನಲ್ಲಿ ಎದುರಾದರೂ ಮಾತಾಡಲಿಲ್ಲ. ಅವಳು ಗೋಡೆಯ ಮೇಲಿಟ್ಟು ಹೋದ ಹುಣಿಸೆ ಚಿಗುರಿನ ಸಾರನ್ನು ಮುಟ್ಟದೆ ಹಾಗೇ ತಣ್ಣಗಾಗಲು ಬಿಟ್ಟೆ.

ತಿಂಗಳು ಕಳೆದು ನಮ್ಮವರು ಎರಡೂ ಚೀಲ ಗಾಡಿಗೆ ಹಾಕಿ ಮುಳಬಾಗಿಲಿನ ಗಾಣಕ್ಕೆ ಹೊರಟರು. ಎಣ್ಣೆ ಡಬ್ಬ ಹಿಡಿದು ನಾನೂ ಹೋದೆ. ಗಾಣದವನು ನನ್ನ ಚೀಲ ಬಿಚ್ಚಿ ಸುಮ್ಮನೆ ಸುರಿದುಕೊಂಡ. ಅವಳ ಚೀಲ ಬಿಚ್ಚಿದವನು ಕೈ ನಿಲ್ಲಿಸಿ, "ಏನಮ್ಮಾ, ಇಂಥ ಎಳ್ಳನ್ನ ಗಾಣಕ್ಕೆ ಹಾಕ್ತೀರಲ್ಲಾ, ಯಾರಾದ್ರೂ ಹಾಕ್ತಾರಾ?" ಎಂದ. ನಾನು ಬಗ್ಗಿ ನೋಡಿದೆ. ಮಲ್ಲಿಗೆ ಮೊಗ್ಗಿನ ಹಾಗಿತ್ತು. ನನ್ನ ರಾಶಿಯ ತುಂಬ ಸಗಣಿಯ ಹಸಿರು ಹೊಟ್ಟು, ಮಣ್ಣಿನ ಹರಳು. ವಾಸನೆ ಅಷ್ಟು ದೂರಕ್ಕೇ ಬಡಿಯಿತು. ಮೂರು ದಿನ ಅದರ ಜೊತೆಗೇ ಇದ್ದ ನನ್ನ ಮೂಗಿಗೆ ಮಾತ್ರ ಅವತ್ತು ಅದು ಗೊತ್ತಾಗಿರಲಿಲ್ಲ. ಒಂದು ಚೀಲ ಕೆಟ್ಟಿದ್ದರೂ ಎಲ್ಲರದ್ದನ್ನೂ ಬಿಟ್ಟು ಹೋಗುವುದು ಅವರ ಕಟ್ಟಳೆ; ಆ ಕೊಳವೆ ನನ್ನ ಚೀಲಕ್ಕೆ ಚುಚ್ಚಿದ್ದರೆ ಏಳು ಮನೆಯ ಎಳ್ಳೂ ಲಾರಿ ಹತ್ತುತ್ತಿರಲಿಲ್ಲ. ನನ್ನದೊಂದನ್ನೇ ಇಳಿಸಿದ್ದರೆ ಊರೆಲ್ಲ ನನ್ನ ಮುಖ ನೋಡುತ್ತಿತ್ತು. ಅದಕ್ಕೇ ತನ್ನದೂ ಒಂದನ್ನು ಜೊತೆಗೆ ಇಳಿಸಿದ್ದಳು.

ಇಷ್ಟು ತಿಳಿದ ಮೇಲೆ ಹೊಟ್ಟೆಯುರಿ ಆರಬೇಕಿತ್ತು. ನನಗೆ ಇನ್ನೂ ಹೆಚ್ಚಾಯಿತು. ಎಳ್ಳಿನಲ್ಲಿ ಸೋತಿದ್ದೆ, ಈಗ ಒಳ್ಳೆತನದಲ್ಲೂ ನನ್ನನ್ನು ಸೋಲಿಸಿದ್ದಳು. ಗಾಣದವನ ಮಾತನ್ನು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಅವಳ ಪಾಲಿನ ಎಣ್ಣೆಯನ್ನು ಗೋಡೆಯ ಮೇಲಿಂದ ದಾಟಿಸುವಾಗ, "ಚೆನ್ನಾಗಿ ಬಂದಿದೆ" ಎಂದಷ್ಟೇ ಅಂದೆ. ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಅವಳು ಡಬ್ಬ ತೆರೆದು ಮೂಸಿ, "ಅಕ್ಕಾ, ನಿಂದೇನಾದ್ರೂ ಸರಿಯಾಗಿ ಬರ್ದೇ ಇದ್ರೆ ಇದ್ರಲ್ಲೇ ತಗೋ" ಎಂದಳು.

ಮುಂದಿನ ಕೊಯ್ಲಿಗೆ ನಮ್ಮ ಜಗುಲಿಯ ಮೇಲೆ ಒಂದು ಮಡಿಸಿದ ಹಾಸು ಇತ್ತು. ಹಳೇ ಪಂಚೆಗಳದ್ದೇ, ಅವಳದೇ ದಪ್ಪ ಹೊಲಿಗೆ. ಅದನ್ನೇ ಕಣದಲ್ಲಿ ಹಾಸಿದೆ. ಮರಳು ಬೆರೆಸುವುದು, ಪೈರು ಬಿಡಿಸುವುದು, ಸಿವುಡು ನಿಲ್ಲಿಸುವುದು, ಎಲ್ಲವನ್ನೂ ನಾನು ಬದುವಿನ ಈಚೆ ನಿಂತು ಕದ್ದು ನೋಡಿ ಕಲಿತೆ. ಅವಳು ಕದ್ದು ನೋಡಲು ಅನುಕೂಲವಾಗುವ ಹಾಗೆ ಬದುವಿನ ಪಕ್ಕದ ಸಾಲಿನಿಂದಲೇ ಕೆಲಸ ಶುರುಮಾಡುತ್ತಿದ್ದಳೆಂದು ಈಗ ಅನಿಸುತ್ತದೆ. ಹೋಳೂರು ಕಡೆಯಿಂದ, ಶ್ರೀನಿವಾಸಪುರದ ಕಡೆಯಿಂದ ರೈತರನ್ನು ಕರೆತಂದು ಸೀನಪ್ಪನವರು ಅವಳ ಹೊಲ ತೋರಿಸುತ್ತಿದ್ದರು. ಅವರಿಗೆಲ್ಲ ಕಾಫಿ ಮಾಡಿಕೊಡುತ್ತಿದ್ದವಳು ನಾನು. ಲೋಟ ಎಣಿಸಿ ತೊಳೆದಿಡುವಾಗ, ನನ್ನ ಹೊಲದ ಹತ್ತಿರ ಇವರಲ್ಲಿ ಒಬ್ಬರಾದರೂ ನಿಲ್ಲಬಾರದಿತ್ತೇ ಎಂದುಕೊಳ್ಳುತ್ತಿದ್ದೆ. ನನ್ನ ಎಳ್ಳೂ ಲಾರಿ ಹತ್ತತೊಡಗಿತ್ತು, ನಿಜ. ಆದರೆ ಕಪ್ಪು ಬಟ್ಟೆಯ ಮೇಲೆ ಹರಡಿದಾಗ ವ್ಯಾಪಾರಿಯ ಕಡೆಯವನು "ಪರವಾಗಿಲ್ಲ" ಅನ್ನುತ್ತಿದ್ದ. ಅವಳದಕ್ಕೆ ಏನೂ ಅನ್ನದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಮುಂಗಾರಿಗೆ ಅಲವೇಲು ಜ್ವರದಲ್ಲಿ ಮಲಗಿದಳು. ಬಿಟ್ಟು ಬಿಟ್ಟು ಬರುವ ಜ್ವರ. ಕೊಯ್ಲಿನ ಹೊತ್ತಿಗೆ ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಆ ವರ್ಷ ಅವಳ ಹೊಲವನ್ನೂ ನಾನೇ ನೋಡಿಕೊಂಡೆ, ಎರಡೂ ಕಡೆಯ ಪೈರನ್ನು ನಾನೇ ಬಿಡಿಸಿದೆ. ಲಾರಿಯ ದಿನ ವ್ಯಾಪಾರಿಯ ಕಡೆಯವನು ಬಟ್ಟೆಯ ಮೇಲಿಂದ ನನ್ನ ಎಳ್ಳನ್ನು ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡ.

ಮರುದಿನ ಬೆಳಗ್ಗೆಯ ಬಸ್ಸಿಗೆ ಕೋಲಾರಕ್ಕೆ ಹೋದೆ. ಸೆರಗಿನ ತುದಿಯಲ್ಲಿ ಒಂದು ಹಿಡಿ ಎಳ್ಳು ಕಟ್ಟಿಕೊಂಡಿದ್ದೆ. ಅವಳನ್ನು ನೋಡಲೆಂದೇ ಹೋದೆ ಎಂದರೆ ಅರ್ಧ ಸುಳ್ಳು. ತೋರಿಸಿಕೊಳ್ಳಲು ಹೋದೆ.

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಡವಾಗಿ ಇಷ್ಟೇ ಇಷ್ಟಾಗಿದ್ದಳು. ನನ್ನನ್ನು ಕಂಡು, ನಾನು ಕೂರುವ ಮೊದಲೇ, ಕಾಯಿ ಹಳದಿ ತಿರುಗಿದ್ದವಾ, ಸಿವುಡಿಗೆ ಮಳೆ ಹೊಡೆಯಲಿಲ್ಲ ತಾನೇ ಎಂದು ಕೇಳಿದಳು. ಎಲ್ಲ ಆಯಿತು, ಚಿಟಿಕೆ ಬಾಯಿಗೆ ಹಾಕಿಕೊಂಡ ಎಂದೆ. ಅವಳ ಮುಖ ಅರಳಿದ್ದನ್ನು ನೋಡಿ, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಅವತ್ತು ನಿನ್ನ ಚೀಲ ಯಾಕೆ ಇಳಿಸ್ದೆ ಅಲವೇಲು? ಅದು ಚೆನ್ನಾಗೇ ಇತ್ತು. ಗಾಣದೋನು ಹೇಳ್ದ."

"ಎಣ್ಣೆಗೆ ಬೇಕಾಗಿತ್ತು ಅಕ್ಕಾ" ಎಂದಳು. "ಏದಿ, ಎಲ್ಲಿ? ಸೆರಗಲ್ಲಿ ಕಟ್ಕೊಂಡು ತಂದಿದೀಯಲ್ಲ, ತೋರ್ಸು."

ಸೆರಗು ಬಿಚ್ಚಿ ಅವಳ ಅಂಗೈಗೆ ಸುರಿದೆ. ಹಳೇ ಅಭ್ಯಾಸ, ಮೂಗಿನ ಹತ್ತಿರ ಒಯ್ದಳು, ಕಣ್ಣು ಮುಚ್ಚಿದಳು. ಆಮೇಲೆ ನನ್ನ ಸೆರಗಿನ ಮೇಲೆ ಕೈ ತಿರುಗಿಸಿ ಬೆರಳು ಬಿಡಿಸಿದಳು. ಅರ್ಧ ಎಳ್ಳು ಜಾರಿತು. ಇನ್ನರ್ಧ ಜ್ವರದ ಬೆವರಿಗೆ ಅಂಗೈ ತುಂಬ ಅಂಟಿಕೊಂಡು ಉಳಿಯಿತು. ಅವಳು ಕೈಯನ್ನು ಒಮ್ಮೆ ಕೊಡವಿದಳು. ಬೀಳಲಿಲ್ಲ. ಅದನ್ನೇ ಯಾರದೋ ಕೈ ಎಂಬಂತೆ ನೋಡಿದಳು.

"ನೋಡಕ್ಕಾ," ಎಂದಳು, "ನಿನ್ ಕೈ ಆಗೋಯ್ತು ನಂದು."

ನಾನು ಅವಳ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಕಾಳನ್ನು ಬಿಡಿಸತೊಡಗಿದೆ. ಬಿಡಿಸಿದ ಕಾಳು ನನ್ನ ಬೆರಳಿಗೆ ಅಂಟುತ್ತಿತ್ತು; ಅದನ್ನು ಸೆರಗಿಗೆ ಒರೆಸಿ ಮತ್ತೊಂದಕ್ಕೆ ಕೈ ಹಾಕುತ್ತಿದ್ದೆ. ಹೊರಗೆ ನಾನು ಊರಿಗೆ ಮರಳಬೇಕಿದ್ದ ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆದು ಹೊರಟುಹೋದದ್ದು ಕೇಳಿಸಿತು. ಅಂಗೈಯ ಗೆರೆಗಳ ನಡುವಿನ ಕಾಳುಗಳು ಇನ್ನೂ ಉಳಿದಿದ್ದವು.