ಮಲ್ಲಾಜಮ್ಮನ ಬಲಗಡೆ

ನಮ್ಮ ಭಾವ ರುದ್ರಯ್ಯನವರಿಗೆ ದೊಡ್ಡ ಆಸೆಗಳು ಇರಲಿಲ್ಲ. ಹೊಲದ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಅವರ ಹೆಂಡತಿ ಮಲ್ಲಾಜಮ್ಮನ ಗದ್ದುಗೆ ಇದೆ. ಸತ್ತ ಮೇಲೆ ಅದರ ಬಲಗಡೆ ತಮ್ಮನ್ನು ಕೂರಿಸಿ ಮಣ್ಣು ಹಾಕಬೇಕು, ಅವರು ಕೇಳಿದ್ದು ಇಷ್ಟೇ. ಇಷ್ಟನ್ನೂ ಮಾಡುವುದು ನಮ್ಮ ಕೈಲಿ ಆಗಲಿಲ್ಲ.

ನಮ್ಮೂರು ಹುಣಸೆಕಟ್ಟೆ. ಹಾಸನದಿಂದ ಗೊರೂರಿಗೆ ಹೋಗುವ ದಾರಿಯಲ್ಲಿ, ಆಗ ಪಟ್ಟಣ ಮುಗಿದು ಹೊಲಗಳು ಶುರುವಾಗುತ್ತಿದ್ದ ಜಾಗದಲ್ಲಿದೆ. ಭಾವ ನನ್ನ ಯಜಮಾನರ ಅಣ್ಣ. ಯಜಮಾನರು ಬೇಗ ಹೋದರು. ಅವರ ಗದ್ದುಗೆಯೂ ಅದೇ ಹೊಲದಲ್ಲಿದೆ, ಸ್ವಲ್ಪ ಮೇಲುಗಡೆ. ನಮ್ಮಲ್ಲಿ ಸುಡುವುದಿಲ್ಲ. ಗುಂಡಿಯ ಪಕ್ಕಕ್ಕೆ ಗೂಡು ತೆಗೆದು, ಅದರೊಳಗೆ ಕೂರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚುತ್ತಾರೆ. ಹೊಲ ಇದ್ದವರು ಅವರವರ ಹೊಲದಲ್ಲೇ ಮಾಡುತ್ತಿದ್ದರು. ಹೊಲ ಉಳುವಾಗ ನೇಗಿಲನ್ನು ಗದ್ದುಗೆ ಸುತ್ತ ತಿರುಗಿಸಿಕೊಂಡು ಹೋಗುವುದು ನಮಗೆ ವಾಡಿಕೆ. ಆ ಜಾಗ ಮನೆಯಿಂದ ಹೊರಗಿನದು ಅಂತ ನಮಗೆ ಯಾವತ್ತೂ ಅನ್ನಿಸಿರಲಿಲ್ಲ.

ಭಾವ ರಾಗಿ, ಆಲೂಗೆಡ್ಡೆ ಬೆಳೆಯುತ್ತಿದ್ದರು. ಬೆಳಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಪೂಜೆಗೆ ಮಡಿನೀರನ್ನು ಮಲ್ಲಾಜಮ್ಮ ಕೆಳಗಿನ ತೋಪಿನ ಬಾವಿಯಿಂದ ತರುತ್ತಿದ್ದಳು. ಗೊರೂರಿನಿಂದ ಪಟ್ಟಣಕ್ಕೆ ನೀರು ಒಯ್ಯುವ ದಪ್ಪ ಪೈಪು ನಮ್ಮ ಊರಿನ ಮುಂದೆಯೇ ನೆಲದಲ್ಲಿ ಹೋಗಿತ್ತು. ಅದರ ಮೇಲೆ ನಡೆದುಕೊಂಡೇ ಅವಳು ಬಾವಿಗೆ ಹೋಗಬೇಕು.

"ಕಾಲಡಿಯಾಗೆ ಗಂಗಮ್ಮ ಅರ್ದೋಯ್ತಾವ್ಳೆ, ನಾನು ಇಲ್ಲಿ ಕೊಡ ಒತ್ಕಂಡು ಸಾಯ್ತೀನಿ ಕಣವ್ವ," ಅಂತ ನನ್ನ ಹತ್ತಿರ ನಗುತ್ತಿದ್ದಳು.

ನಾವು ಹಳ್ಳಿ, ಅದಕ್ಕೆ ಆ ನೀರು ನಮಗಿಲ್ಲ ಅಂತ ಮುನ್ಸಿಪಾಲಿಟಿ ಆಫೀಸಿನವರು ಹೇಳುತ್ತಿದ್ದರು. ಮಲ್ಲಾಜಮ್ಮ ತೊಂಬತ್ತಮೂರರಲ್ಲಿ ಜ್ವರ ಬಂದು ತೀರಿಕೊಂಡಳು. ಗುಂಡಿ ತೋಡುವಾಗ ಭಾವ ಆಳುಗಳನ್ನು ನಿಲ್ಲಿಸಿ, "ಬಲಗಡೆ ನಂಗೆ ಜಾಗ ಬುಟ್ಟು ತೋಡ್ರಪ್ಪ. ಮದುವೇಲಿ ಎಂಗೆ ಕುಂತಿದ್ವೋ ಅಂಗೇ ಕುಂತ್ಕಬೇಕು," ಅಂದರು. ಆಳುಗಳು ಗುದ್ದಲಿ ಈಚೆಗೆ ಸರಿಸಿದರು.

ಅದಾದ ಮೇಲೆ ಅವರಿಗೆ ನೀರಿನದೇ ಹುಚ್ಚು. ಹೆಂಡತಿ ಹೊತ್ತಿದ್ದು ಸಾಕು, ಮಿಕ್ಕ ಹೆಂಗಸರಾದರೂ ಹೊರದಿರಲಿ ಅಂತ ಮನೆಮನೆಗೂ ಹೋಗಿ, ನಮ್ಮೂರನ್ನು ಪಟ್ಟಣಕ್ಕೆ ಸೇರಿಸಿ ಅಂತ ಬರೆದ ಅರ್ಜಿಗೆ ರುಜು ಹಾಕಿಸಿದರು. ನಾನೂ ಹಾಕಿದೆ. ತೊಂಬತ್ತಾರರಲ್ಲಿ ಸೇರಿಸಿದರು. ನಲ್ಲಿಯಲ್ಲಿ ನೀರು ಬಂದ ದಿನ ಭಾವನೇ ತೆಂಗಿನಕಾಯಿ ಒಡೆದರು. ಹೆಂಗಸರೆಲ್ಲ ಅವರ ಕಾಲಿಗೆ ಬಿದ್ದರು.

ಮಲ್ಲಾಜಮ್ಮನ ತವರು ಅರಕಲಗೂಡಿನ ಕಡೆ. ಅವಳ ತಮ್ಮ ಪುಟ್ಟರಾಜು ಬಂದಾಗಲೆಲ್ಲ ಹೊರಗೇ ನಿಂತು, "ಪ್ಯಾಟೆಯೋರ ಮನೆ, ಒಳೀಕೆ ಬರಬೌದಾ ಭಾವಾ? ಚಪ್ಪಲಿ ಎಲ್ ಬುಡ್ಬೇಕು?" ಅಂತ ರೇಗಿಸುತ್ತಿದ್ದ.

"ನಿನ್ನ ಚಪ್ಪಲಿಗೂ ಕಂದಾಯ ಹಾಕ್ತಾರೆ, ತಲೆ ಮ್ಯಾಲೆ ಇಟ್ಕಂಡು ಬಾರ್ಲಾ," ಅನ್ನುತ್ತಿದ್ದರು ಭಾವ. ಹಿರೀಸಾವೆಯಲ್ಲಿ ಬೀಗರ ಮನೆಗೆ ಹೋದಾಗ ಯಾವೂರು ಅಂತ ಯಾರಾದರೂ ಕೇಳಿದರೆ ಅವರು ಹುಣಸೆಕಟ್ಟೆ ಅನ್ನದೆ ಹಾಸನ ಅನ್ನುತ್ತಿದ್ದರು. ಹೇಳಿ ನನ್ನ ಕಡೆ ನೋಡುತ್ತಿದ್ದರು.

ಆ ಸಂತೋಷ ಬಹಳ ದಿನ ಇರಲಿಲ್ಲ. ತೊಂಬತ್ತೆಂಟರ ಆಷಾಢದಲ್ಲಿ ಪಕ್ಕದ ಮನೆ ಗುಂಡಯ್ಯನ ತಾಯಿ ಹೋದರು. ಅವರ ಹೊಲದಲ್ಲಿ ಗುಂಡಿ ಆಗಿತ್ತು. ಅಜ್ಜಿಯನ್ನು ಹೊತ್ತು ತಂದು ಗುಂಡಿಯ ಅಂಚಿನಲ್ಲಿ ಇಳಿಸಿದ್ದೆವು. ಆಗ ಜೀಪಿನಲ್ಲಿ ಆಫೀಸಿನವರು ಇಬ್ಬರು ಬಂದರು. ಒರಟಾಗಿ ಮಾತಾಡಲಿಲ್ಲ. ಇದು ಈಗ ಟೌನು, ಮನೆಗಳಿರುವ ಕಡೆ ಸ್ವಂತ ಜಮೀನಿನಲ್ಲಿ ಮಣ್ಣು ಮಾಡುವ ಹಾಗಿಲ್ಲ, ರುದ್ರಭೂಮಿ ಇದೆ, ಅಲ್ಲಿಗೆ ತನ್ನಿ ಅಂದರು.

"ಸಾ, ಕೂರ್ಸೋದೊಂದೇ ಬಾಕಿ ಸಾ," ಅಂತ ಗುಂಡಯ್ಯ ಕೈ ಮುಗಿದ.

"ನಮ್ಗೂ ತಾಯಿ ಅವ್ರೆ ಕಣಪ್ಪ. ಆದ್ರೆ ನಾಳೆ ನನ್ನ ಕೆಲ್ಸ ಓಯ್ತದೆ," ಅಂದ ಬಂದವರಲ್ಲಿ ಒಬ್ಬ.

ಅಜ್ಜಿಯನ್ನು ಮತ್ತೆ ಎತ್ತಿದರು. ಮಳೆ ಹಿಡಿಯಿತು. ಟೆಂಪೋ ತರುವ ತನಕ ಅಜ್ಜಿ ರಸ್ತೆ ಪಕ್ಕ ಕೊಡೆ ಕೆಳಗೆ ಕೂತಿದ್ದರು. ಸಂಜೆ ಪಟ್ಟಣದಿಂದ ಬಂದ ಮೇಲೆ ಗುಂಡಯ್ಯ ಒಬ್ಬನೇ ಆ ಖಾಲಿ ಗುಂಡಿಯನ್ನು ಮುಚ್ಚಿದ. ಭಾವ ಬದುವಿನ ಮೇಲೆ ನಿಂತು ನೋಡಿದರು. ಆವತ್ತು ರಾತ್ರಿ ಊಟ ಬೇಡ ಅಂದರು.

ಮಾರನೆಯ ವಾರ ಮಗ ಸಿದ್ದೇಶ್ವರನನ್ನು ಕರೆದುಕೊಂಡು ಆಫೀಸಿಗೆ ಹೋದರು. ಸಿದ್ದೇಶ್ವರನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಆಫೀಸಿನಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ.

"ನಮ್ಮೂರ್ನ ಮೊದ್ಲು ಎಂಗಿತ್ತೋ ಅಂಗೆ ಮಾಡ್ಬುಡಿ ಸಾ," ಅಂದರಂತೆ ಭಾವ.

ಆಫೀಸರು ಚಿಕ್ಕ ವಯಸ್ಸಿನವರು. "ಅಜ್ಜ, ಸೇರಿಸಿ ಅಂತ ಬರೋರನ್ನ ನೋಡಿದ್ದೀನಿ, ತೆಗೀರಿ ಅಂತ ಬಂದೋರು ನೀವೇ ಮೊದಲು. ಬೀದಿ ದೀಪ ಹಾಕಾಯ್ತು, ನಲ್ಲಿ ಬಿಟ್ಟಾಯ್ತು."

"ನಲ್ಲಿ ಬೇಕಾರೆ ಕಿತ್ಕಂಡೋಗಿ. ನಮ್ಗೆ ಬಾವಿ ಐತೆ."

"ಗಡಿ ಬರೆದದ್ದು ಬೆಂಗಳೂರಲ್ಲಿ ಅಜ್ಜ, ನಾನಲ್ಲ. ನನ್ನ ಕೈಲಿ ಒಂದು ಗೇಣೂ ಸರಿಸೋಕಾಗಲ್ಲ."

"ಊರೆಲ್ಲ ಬ್ಯಾಡ ಸಾ. ಆ ಒಂದು ಮೂಲೆ ಆಚೀಕೆ ಬುಟ್ಬುಡಿ. ಒಬ್ಬ ಮನ್ಸ ಕುಂತ್ಕಳೋವಷ್ಟು."

ಆಫೀಸರು ಟೀ ತರಿಸಿ ಕೊಟ್ಟರಂತೆ. ಆಮೇಲೂ ಭಾವ ಎಷ್ಟೋ ಸಲ ಹೋದರು. ಆಫೀಸರು ಬದಲಾಗುತ್ತಿದ್ದರು. ಹೊಸಬರಿಗೆ ಮೊದಲಿನಿಂದ ಹೇಳಬೇಕು. ಊರಿನಲ್ಲಿ ಕೆಲವರು, "ಸೇರ್ಸಿದ್ದೂ ನೀನೇ, ಈಗ ಅಳೋನೂ ನೀನೇ," ಅಂತ ಮುಖದ ಮೇಲೇ ಅಂದರು. ಅಲ್ಲಿಂದ ಮುಂದೆ ಭಾವ, ಯಾವೂರು ಅಂತ ಕೇಳಿದವರಿಗೆ ಹಾಸನ ಅನ್ನುವುದನ್ನು ಬಿಟ್ಟರು. ಹುಣಸೆಕಟ್ಟೆ ಅಂದರೆ ಬಸ್ಸಿನವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಸ್ಟಾಪಿಗೆ ಹೊಸ ಬಡಾವಣೆಯ ಹೆಸರು ಬಂದಿತ್ತು.

ಪುಟ್ಟರಾಜು ಒಂದು ದಾರಿ ಹೇಳಿದ. "ನಮ್ಮೊಲ ಇನ್ನೂ ಹಳ್ಳೀಲೇ ಐತೆ ಭಾವಾ. ಅರಕಲಗೂಡ್ನೋರು ಯಾರೂ ಕೇಳಕಿಲ್ಲ. ಅಲ್ಲಿಗೇ ಬಂದ್ಬುಡು."

"ಬದ್ಕಿದ್ದಾಗ್ಲೇ ಮಾವನ ಮನೇಲಿ ಮೂರ್ ದಿನದ ಮ್ಯಾಕೆ ಇದ್ದೋನಲ್ಲ ನಾನು. ಸತ್ ಮ್ಯಾಕೆ ಓಗಿ ಕುಂತ್ಕಳ್ಳಾ? ನಿಮ್ಮಕ್ಕ ಇಲ್ಲಿ, ನಾನು ಅಲ್ಲಿ, ಯಾವ್ ಚೆಂದಕ್ಲಾ?"

ಹಾಗಾದರೆ ಅಕ್ಕನನ್ನೂ ತೆಗೆದು ಅಲ್ಲಿಗೆ ಒಯ್ಯೋಣವೇ ಅಂತ ಪುಟ್ಟರಾಜು ಕೇಳಿದ್ದಕ್ಕೆ, ನಮ್ಮ ಜಂಗಮರಾದ ಈಶ್ವರಯ್ಯನವರು ಎರಡೂ ಕಿವಿ ಮುಚ್ಚಿಕೊಂಡರು. ಲಿಂಗದಲ್ಲಿ ಕೂರಿಸಿದವರನ್ನು ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ.

ಅಷ್ಟು ಹೊತ್ತಿಗೆ ಸುತ್ತಲಿನ ಹೊಲಗಳೆಲ್ಲ ಸೈಟಾದವು. ಹೊಂಗೆ ಮರದ ಆಚೆಗೆ ಸಂಪತ್ಕುಮಾರ ಅಂತ ಒಬ್ಬರು ಮೇಷ್ಟರು ಮನೆ ಕಟ್ಟಿದರು. ಅಯ್ಯಂಗಾರರು, ಸಾಧು ಮನುಷ್ಯ. ಅವರು ಕುಡಿಯುವ ನೀರಿನ ಬೋರ್‌ವೆಲ್ ನಮ್ಮ ಬದುವಿಗೆ, ಗದ್ದುಗೆಗೆ ಹತ್ತಿರ ಇತ್ತು. ಅವರ ಹೆಂಡತಿ ಅಂಬುಜಮ್ಮ ಒಂದು ದಿನ ನನ್ನನ್ನು, "ಅಲ್ಲಿ ಪೂಜೆ ಮಾಡ್ತೀರಲ್ಲ, ಅದು ದೇವರೇನ್ರೀ?" ಅಂತ ಕೇಳಿದರು. ನಮ್ಮಕ್ಕನ ಗದ್ದುಗೆ ಅಂದೆ. ಆಮೇಲೆ ಆ ಕಡೆಯ ಕಿಟಕಿಗೆ ಪರದೆ ಬಂತು.

ಭಾವ ಎರಡು ಸಾವಿರದ ನಾಲ್ಕರ ಕಾರ್ತಿಕದಲ್ಲಿ ಹಾಸಿಗೆ ಹಿಡಿದರು. ಸಿದ್ದೇಶ್ವರನನ್ನು ಕರೆದು, "ನಿನ್ ಕೈಲಾದಂಗೆ ಮಾಡ್ಲಾ ಮಗಾ. ಗುಂಡಯ್ಯನವ್ವನಂಗೆ ಇಳ್ಸಿ ಎತ್ಬ್ಯಾಡಿ ಅಷ್ಟೆ," ಅಂದರು. ನನಗೆ, "ಬಸವಲಿಂಗಮ್ಮ, ನಾನು ಕೆಟ್ಟದ್ದು ಕೇಳಿದ್ನಾ ಅವತ್ತು?" ಅಂದರು. ಇಲ್ಲ ಭಾವ, ನೀರು ತಾನೇ ಕೇಳಿದ್ದು ಅಂದೆ. ಸೋಮವಾರ ಬೆಳಗ್ಗೆ ಪ್ರಾಣ ಹೋಯಿತು.

ರೇಷ್ಮೆ ವಸ್ತ್ರ ಉಡಿಸಿ, ವಿಭೂತಿ ಧರಿಸಿ, ಟ್ರ್ಯಾಕ್ಟರಿನಲ್ಲಿ ಕುರ್ಚಿಯ ಮೇಲೆ ಕೂರಿಸಿದೆವು. ಗುಂಡಿ ಎಲ್ಲಿ ಅಂತ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಹೊಲಕ್ಕೆ ತಿರುಗುವ ಜಾಗದಲ್ಲಿ ಟ್ರ್ಯಾಕ್ಟರು ತಾನೇ ನಿಂತಿತು. ಗುಂಡಯ್ಯ ಗುದ್ದಲಿ ಹಿಡಿದುಕೊಂಡೇ ಬಂದಿದ್ದ. "ನಾಕು ಜನ ಸಾಕು, ಬಿರ್ಬಿರ್ನೆ ತೋಡ್ಬುಡಾನ," ಅಂತ ಸಿದ್ದೇಶ್ವರನ ಕಿವಿಯಲ್ಲಿ ಹೇಳಿದ. ಸಂಪತ್ಕುಮಾರರು ಕಾಂಪೌಂಡಿನ ಒಳಗೆ ನಿಂತಿದ್ದರು. ಕೈ ಮುಗಿದಿದ್ದರು. ಸಿದ್ದೇಶ್ವರ ಅವರ ಮುಖ ನೋಡಿದ, ಅಪ್ಪನ ಮುಖ ನೋಡಿದ. ನಾವೆಲ್ಲ ಅವನನ್ನು ನೋಡಿದೆವು. ಯಾರಾದರೂ ಒಂದು ಮಾತು ಆಡಬೇಕಿತ್ತು. ನಾನೂ ಆಡಲಿಲ್ಲ.

"ನಡೀರಿ, ಟೌನಿಗೆ," ಅಂದ ಸಿದ್ದೇಶ್ವರ.

ರುದ್ರಭೂಮಿಯಲ್ಲಿ ಮುಂಚೆಯೇ ತೋಡಿದ ಗುಂಡಿಗಳು ಸಾಲಾಗಿ ಇದ್ದವು. ಎಡಗಡೆ ಯಾರೋ ಬೇಲೂರು ರಸ್ತೆಯವರು, ನಿನ್ನೆ ಬಂದವರು ಅಂತ ಗುಂಡಿ ತೋಡುವವನು ಹೇಳಿದ. ಬಲಗಡೆಯದು ಖಾಲಿ. ಈಶ್ವರಯ್ಯನವರು ಎಲ್ಲವನ್ನೂ ಕ್ರಮದಲ್ಲಿ ಮಾಡಿದರು, ಒಂದೂ ಬಿಡಲಿಲ್ಲ.

ಹನ್ನೊಂದನೆಯ ದಿನ ಸಂಪತ್ಕುಮಾರರು ಹಣ್ಣು ತೆಗೆದುಕೊಂಡು ಮನೆಗೆ ಬಂದರು. ಹೋಗುವಾಗ ನನ್ನ ಹತ್ತಿರ ನಿಂತು, "ಅವತ್ತು ನೀವು ಹೊಲಕ್ಕೇ ತಿರುಗಿಸಿದ್ದಿದ್ರೆ ನಾನೇನೂ ಹೇಳ್ತಿರಲಿಲ್ಲ ಅಮ್ಮಾ," ಅಂದರು. ಕಾಫಿ ಕುಡಿದು ಹೋಗಿ ಅಂದೆ. ಆ ಮಾತನ್ನು ಸಿದ್ದೇಶ್ವರನಿಗೆ ಇವತ್ತಿನವರೆಗೂ ಹೇಳಿಲ್ಲ.

ಈಗ ಹಿರಿಯರ ಹಬ್ಬ ಬಂದರೆ ಎರಡು ಎಡೆ ಬೇರೆ ಬೇರೆ ಕಟ್ಟುತ್ತೇನೆ. ಮಲ್ಲಾಜಮ್ಮನದಕ್ಕೆ ಕೋಲು ಹಿಡಿದು ನಾನೇ ನಡೆದು ಹೋಗುತ್ತೇನೆ. ಭಾವನದಕ್ಕೆ ಯಾರಾದರೂ ಆಟೋದಲ್ಲಿ ಕರೆದುಕೊಂಡು ಹೋಗಬೇಕು, ರುದ್ರಭೂಮಿಯ ಬಾಗಿಲು ಹಾಕುವುದರೊಳಗೆ. ಈ ವರ್ಷ ಸಿದ್ದೇಶ್ವರನಿಗೆ ಮೈ ಸರಿಯಿರಲಿಲ್ಲ, ಮಿಕ್ಕವರಿಗೆ ಪುರುಸೊತ್ತು ಇರಲಿಲ್ಲ. ಸಂಜೆ ತನಕ ಕಾದೆ. ಆಮೇಲೆ ಎರಡು ಎಡೆಯನ್ನೂ ಮಲ್ಲಾಜಮ್ಮನ ಮುಂದೆಯೇ ಇಟ್ಟು ಬಂದೆ. ಹಾಗೆ ಮಾಡಬಹುದೋ ಬಾರದೋ ಅಂತ ಈಶ್ವರಯ್ಯನವರನ್ನು ಕೇಳಲಿಲ್ಲ.