ಸುಂದ್ರವ್ವನ ಕರಕರ ಜೋಡು

ಆಗ ನನಗೆ ಐವತ್ತೊಂಬತ್ತು. ಐದು ವರ್ಷದ ಹಿಂದಿನ ಮಾತು. ಸುಂದ್ರವ್ವ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಶೆಡ್ಡಿಗೆ ಬಂದಳು. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಅವಳಿಗೆ ಗೊತ್ತೇ ಇಲ್ಲ. ಬರಿಗಾಲಿನಲ್ಲಿ ರಕ್ತ ಸೋರುತ್ತಿತ್ತು, ಅದೂ ಗೊತ್ತಿಲ್ಲ.

"ಮುಂಜಾಮುಂಜಾನೆ ಏರಿಸಿ ಬಂದಿಯೇನಬೇ?" ಎಂದೆ.

"ಏರಿಸಿದ್ರ ಸಂಜೀಕೆ ಇಳೀತಿತ್ತು. ಇದು ಇಳೀವಲ್ದು. ಕಾಲು ನನ್ನವ ಅನಸವಲ್ವು."

ಅಥಣಿಯ ಆ ಚಪ್ಪಲಿ ಶೆಡ್ಡಿನಲ್ಲಿ ನಾವು ಪಕ್ಕಪಕ್ಕ ಕೂರುತ್ತಿದ್ದೆವು. ನಾನು ತೊಗಲಿನ ಜಡೆ ಹೆಣೆಯುತ್ತಿದ್ದೆ, ಅವಳು ಅಟ್ಟೆಗೆ ಅಂಟು ಹಚ್ಚುತ್ತಿದ್ದಳು. ಮೊದಲು ಅವಳದು ಹೊಲಿಗೆ. ಡಬ್ಬಿಯ ಅಂಟು ಬಂದ ಮೇಲೆ ಹೊಲಿಗೆ ಯಾರಿಗೂ ಬೇಡವಾಯಿತು. ಅಂಟು ಬೇಗ ಒಣಗುತ್ತದೆಂದು ಮಾಲೀಕ ಫ್ಯಾನು ಹಾಕಗೊಡುತ್ತಿರಲಿಲ್ಲ. ಧೂಳು ಕೂರುತ್ತದೆಂದು ಕಿಟಕಿಯೂ ಮುಚ್ಚಿತ್ತು. ಸಂಜೆಗೆ ನೆತ್ತಿ ಗಿಂವ್ ಎನ್ನುತ್ತಿತ್ತು.

ಮಿರಜಿನ ಡಾಕ್ಟರು, ಅಂಟಿನ ವಾಸನೆಯಿಂದ ನರ ಕೆಟ್ಟಿವೆ, ಈಗಲೇ ಬಿಟ್ಟರೆ ಸುಧಾರಿಸಬಹುದು, ಬಿಡದಿದ್ದರೆ ಕಾಲು ಹೋಗುತ್ತವೆ ಎಂದರು. ಅವಳು ಮಾಲೀಕನಿಗೆ, "ಹೊಲಿಗಿಗೆ ಹಾಕ್ರಿ," ಎಂದಳು.

"ಹೊಲಿಗಿ ಈಗ ಎಲ್ಲೈತಿ ಅಕ್ಕಾ?" ಎಂದ ಅವನು.

ಸುಂದ್ರವ್ವ ಅಂಟು ಬಿಡಲಿಲ್ಲ. ಬಿಟ್ಟು ತಿನ್ನುವುದೇನು? ತನಗೆಂದೇ ಒಂದು ಜೋಡು ಹೊಲಿದಳು. ಹಿಂದೆ ಗೌಡರ ಚಪ್ಪಲಿಗೆ ಗತ್ತಿನ ಸಪ್ಪಳಕ್ಕೆಂದು ಹಾಕುತ್ತಿದ್ದ ಹಾಗೆ ಅಟ್ಟೆಯ ಪದರದ ನಡುವೆ ಬೀಜ ಇಟ್ಟಳು. ಹೆಜ್ಜೆ ಇಟ್ಟರೆ ಕರ್ ಎನ್ನುತ್ತಿತ್ತು.

"ಕಾಲಿಗೆ ತಿಳೀದಿದ್ರ ಕಿವಿಗರ ತಿಳೀಲಿ. ಸಪ್ಪಳ ನಿಂತ್ರ ಚಪ್ಪಲಿ ಬಿತ್ತಂತ."

ಕಟ್ಟೆಯ ಮೇಲಿನ ಗಂಡಸರು ನಗುತ್ತಿದ್ದರು. "ಯಾವ ಗೌಡ್ರು ಬಂದ್ರಂತ ಎದ್ದು ನಿಂತ್ರ, ನೀ ಏನಬೇ!"

"ಎದ್ದಿಯಲ್ಲ, ಹಂಗ ಕೈನೂ ಮುಗಿ," ಎನ್ನುವಳು.

ಒಂದು ವರ್ಷ ಆ ಕರಕರ ಓಣಿಯಲ್ಲಿ ಕೇಳಿತು. ಆಮೇಲೆ ಅವಳು ಕಾಲು ಎಳೆಯತೊಡಗಿದಳು. ಬೆರಳಿನಿಂದ ಕುಂಚ ಜಾರತೊಡಗಿತು. ಮಾಲೀಕ ಅವಳಿಗೆ ಬರಬೇಡ ಎಂದ. ನನ್ನನ್ನು ಕರೆದು, "ನಾಳಿಂದ ನೀ ಅಂಟು ಹಚ್ಚು. ಒಲ್ಲೆಂದ್ರ ನೀನೂ ಮನ್ಯಾಗಿರು," ಎಂದ.

ಸಂಜೆ ಅವಳ ಮನೆಗೆ ಹೋಗಿ ಹೇಳಿದೆ. ಮಲಗಿದ್ದವಳು ಏಳಲಿಲ್ಲ.

"ಮೂಲ್ಯಾಗ ನನ್ನ ಜೋಡು ಅದಾವ. ತಗೊಂಡು ಹೋಗು."

"ನನಗ್ಯಾಕಬೇ? ನನ್ನ ಕಾಲು ಚಲೋ ಅದಾವ."

"ನನ್ನವೂ ಚಲೋನ ಇದ್ವು."

ಮತ್ತೆ ಅವಳನ್ನು ನೋಡಲಿಲ್ಲ. ಆ ವಾರವೇ ಮಗಳು ಬಂದು ಅವಳನ್ನು ಶೇಡಬಾಳಕ್ಕೆ ಹೊತ್ತುಕೊಂಡು ಹೋದಳು. ಸುಂದ್ರವ್ವ ಅಲ್ಲೇ ಸತ್ತಳು.

ಜೋಡು ಕೊಟ್ಟ ಮರುದಿನ ಬೆಳಿಗ್ಗೆ ಅದನ್ನೇ ಮೆಟ್ಟಿಕೊಂಡು ಶೆಡ್ಡಿಗೆ ಹೋದೆ. ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಅವಳ ಜಾಗದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದೆ.